ಫಾಕ್ಸ್‌ಪ್ರೋದಿಂದ ಪೋಸ್ಟ್‌ಗ್ರೆಸ್‌ಗೆ: ಮಂಡಿ ಲೆಕ್ಕ ಸಾಗಿಸಲು ನಾನು ನೋಡಿದ ಮೂರು ದಾರಿ

ಚಿಕ್ಕಪ್ಪನ ಅಡಿಕೆ ಮಂಡಿಯ ಲೆಕ್ಕವೆಲ್ಲ ವಿಷುವಲ್ ಫಾಕ್ಸ್‌ಪ್ರೋ ಎಂಬ ಹಳೇ ಡೇಟಾಬೇಸ್ ತಂತ್ರಾಂಶದಲ್ಲಿತ್ತು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2015ರಲ್ಲೇ ಮುಗಿದಿದೆ. ಹಳೇ ಕಂಪ್ಯೂಟರ್ ಕೈಕೊಡುವ ಮೊದಲೇ ಎಲ್ಲವನ್ನೂ ಪೋಸ್ಟ್‌ಗ್ರೆಸ್ ಎಂಬ ಈಗಿನ ಡೇಟಾಬೇಸ್‌ಗೆ ತರಬೇಕಿತ್ತು. ರೈತರ ಮುಂಗಡ, ಬಾಕಿ, ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಎಲ್ಲವೂ ಅದರಲ್ಲೇ ಇದೆ. ಒಬ್ಬರ ಖಾತೆ ತಪ್ಪಿದರೂ ಅವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ, ಅಲ್ವಾ? ಅದಕ್ಕೇ ಫಾಕ್ಸ್‌ಪ್ರೋ ಟೇಬಲ್‌ಗಳಿರುವ ಡಿಬಿಎಫ್ ಫೈಲುಗಳನ್ನೂ, ಅವುಗಳ ಜೊತೆಗಿದ್ದ, ಉದ್ದ ಟಿಪ್ಪಣಿಗಳಿರುವ ಎಫ್‌ಪಿಟಿ ಫೈಲುಗಳನ್ನೂ ನಕಲು ಮಾಡಿಕೊಂಡು, ನಕಲಿನ ಮೇಲೇ ಎಲ್ಲವನ್ನೂ ಪ್ರಯೋಗಿಸಿದೆ.

ಮೊದಲು ಎಲ್ಲರಿಗೂ ಗೊತ್ತಿರುವ ದಾರಿ: ಫಾಕ್ಸ್‌ಪ್ರೋದಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಫೈಲು) ತೆಗೆದು, ಎಕ್ಸೆಲ್‌ನಲ್ಲಿ ತೆರೆದು ಸರಿಮಾಡಿ, ಪೋಸ್ಟ್‌ಗ್ರೆಸ್‌ಗೆ ಹಾಕುವುದು. ಅರ್ಧ ದಿನದ ಕೆಲಸ. ಆದರೆ ನಷ್ಟ ಜಾಸ್ತಿ, ಅದೂ ಸದ್ದಿಲ್ಲದೆ. 0047 ಎಂಬ ಖಾತೆ ನಂಬರು 47 ಆಯಿತು. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ, ಹಾಗಾಗಿ 16 ಅಂಕಿಯ ಬ್ಯಾಂಕ್ ಖಾತೆಗಳ ಕೊನೆಯ ಅಂಕಿ ಸೊನ್ನೆಯಾಯಿತು. ಉದ್ದ ಟಿಪ್ಪಣಿ ಬರೆಯುವ ಮೆಮೋ ಕಾಲಂ ಸಿಎಸ್‌ವಿಗೆ ಬರುವುದೇ ಇಲ್ಲ. ‘ಮಗಳ ಮದುವೆಗೆ ಮುಂಗಡ’ ಅಂತ ಚಿಕ್ಕಪ್ಪ ಬರೆದಿಟ್ಟ ಟಿಪ್ಪಣಿಗಳೆಲ್ಲ ಹೋಗಿದ್ದವು. ಈ ದಾರಿ ಬೇಡ.

ಎರಡನೆಯದು ಪಿಜಿಲೋಡರ್, ಪೋಸ್ಟ್‌ಗ್ರೆಸ್‌ಗೆ ಡೇಟಾ ತುಂಬುವ ತಂತ್ರಾಂಶ. ಇದು ಡಿಬಿಎಫ್ ಫೈಲನ್ನು ನೇರವಾಗಿ ಓದಿ, ಟೇಬಲ್ ತಾನೇ ಕಟ್ಟಿಕೊಡುತ್ತದೆ. ಬರೀ ಅಂಕಿ ಮತ್ತು ಇಂಗ್ಲಿಷ್ ಹೆಸರುಗಳಿದ್ದರೆ ನಾನು ಇದನ್ನೇ ಹಿಡಿಯುತ್ತಿದ್ದೆ. ನಮ್ಮ ಕಷ್ಟ ಬೇರೆ. ಹೆಸರು, ಊರು ಎಲ್ಲ ಹಳೇ ನುಡಿ ಫಾಂಟಿನಲ್ಲಿದ್ದವು. ಅಂದರೆ ಒಳಗಿರುವುದು ಕನ್ನಡ ಅಕ್ಷರವಲ್ಲ, ಕನ್ನಡದಂತೆ ಕಾಣುವ ಇಂಗ್ಲಿಷ್ ಸಂಕೇತಗಳು. ಪಿಜಿಲೋಡರ್ ಅವನ್ನು ಹಾಗೇ ತಂದು ಇಡುತ್ತದೆ. ಯೂನಿಕೋಡ್‌ಗೆ, ಅಂದರೆ ಎಲ್ಲ ಕಡೆ ನಡೆಯುವ ನಿಜವಾದ ಕನ್ನಡ ಅಕ್ಷರಗಳಿಗೆ, ಬದಲಿಸುವ ಕೆಲಸ ನಮಗೇ ಉಳಿಯುತ್ತದೆ.

ಆ ಕೆಲಸ ಸುಮ್ನೆ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಆಗುವುದಿಲ್ಲ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ತಪ್ಪಿದರೆ ಕರ್ನಾಟಕ ಹೋಗಿ ‘ಕನಾರ್ಟಕ’ ಆಗುತ್ತದೆ. ಇಂಥ ಕನ್ನಡವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಜೊತೆಗೆ ಅದೇ ಕಾಲಂನಲ್ಲಿ ಕೆಲವು ಹೆಸರು ನಿಜವಾಗಿಯೂ ಇಂಗ್ಲಿಷಿನಲ್ಲಿದ್ದವು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಅವು ಅರ್ಥವಿಲ್ಲದ ಕನ್ನಡವಾಗುತ್ತವೆ.

ಅದಕ್ಕೇ ಮೂರನೇ ದಾರಿಗೆ ಬಂದೆ: ಪೈಥಾನ್ ಭಾಷೆಯಲ್ಲಿ ಸ್ವಂತ ಸ್ಕ್ರಿಪ್ಟ್, ಡಿಬಿಎಫ್ ಫೈಲು ಓದಲು ಡಿಬಿಎಫ್‌ರೀಡ್ ಎಂಬ ಪೈಥಾನ್ ಲೈಬ್ರರಿ. ಇದಕ್ಕೆ ಮೂರು ವಾರ ಹಿಡಿಯಿತು. ಆದರೆ ಪ್ರತಿ ಕಾಲಂ ನನ್ನ ಕೈಯಲ್ಲಿತ್ತು. ಖಾತೆ ನಂಬರು ಅಕ್ಷರವಾಗಿ, ಹಣ ನ್ಯೂಮರಿಕ್ (ಪೈಸೆಯೂ ತಪ್ಪದ ಸಂಖ್ಯೆಯ ಬಗೆ) ಆಗಿ ಹೋಯಿತು. ಮೆಮೋ ಉಳಿಯಿತು. ಇಂಗ್ಲಿಷ್ ಹೆಸರುಗಳನ್ನು ಬೇರೆ ಪಟ್ಟಿ ಮಾಡಿ ಕಣ್ಣಾರೆ ನೋಡಿದೆ. ಹಳೇ ನುಡಿ ಪಠ್ಯವನ್ನೂ ಪಕ್ಕದ ಕಾಲಂನಲ್ಲಿ ಇಟ್ಟೆ. ನಾಳೆ ಯಾವ ಹೆಸರಿನ ಬಗ್ಗೆ ಅನುಮಾನ ಬಂದರೂ ಮೂಲ ಅಲ್ಲೇ ಸಿಗುತ್ತದೆ. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಎಂಬ ಕ್ರಮ) ಹಾಕಿದ್ದರಿಂದ, ನಡುವೆ ತಪ್ಪಾದಾಗ ಅರೆಬರೆ ಟೇಬಲ್ ಉಳಿಯಲಿಲ್ಲ.

ಕೊನೆಗೆ ಸಾಲುಗಳ ಎಣಿಕೆ, ಪ್ರತಿ ಖಾತೆಯ ಬಾಕಿ, ವರ್ಷವಾರು ಒಟ್ಟು ಮೊತ್ತ ತಾಳೆ ನೋಡಿದೆ. ಎಣಿಕೆಯಲ್ಲಿ ಹಳೆಯದೇ ಜಾಸ್ತಿ! ಎದೆ ಧಸಕ್ಕೆಂದಿತು. ಫಾಕ್ಸ್‌ಪ್ರೋದಲ್ಲಿ ಅಳಿಸಿದ ಸಾಲು ನಿಜವಾಗಿ ಹೋಗುವುದಿಲ್ಲ, ಅದಕ್ಕೆ ಗುರುತು ಮಾತ್ರ ಬೀಳುತ್ತದೆ. ಪ್ಯಾಕ್ ಎಂಬ ಆದೇಶ ಕೊಟ್ಟು ಪೂರ್ತಿ ತೆಗೆಯುವವರೆಗೂ ಅದು ಅಲ್ಲೇ ಇರುತ್ತದೆ. ಡಿಬಿಎಫ್‌ರೀಡ್ ಅವನ್ನು ಬಿಟ್ಟಿತ್ತು, ಹಳೇ ಎಣಿಕೆ ಸೇರಿಸಿಕೊಂಡಿತ್ತು. ಆ ಸಾಲುಗಳನ್ನು ಪ್ರಿಂಟ್ ತೆಗೆದು ಚಿಕ್ಕಪ್ಪನ ಮುಂದಿಟ್ಟೆ. ಅವರು ಹಳೇ ಖಾತೆ ಪುಸ್ತಕ ತೆರೆದು ಒಂದೊಂದಾಗಿ ಹೋಲಿಸಿದರು. ‘ಇವೆಲ್ಲ ರದ್ದು ಮಾಡಿದ ಪಟ್ಟಿಗಳೇ ಕಣೋ’ ಎಂದ ಮೇಲೆಯೇ ಹೊಸದರಲ್ಲಿ ಮೊದಲ ಬಿಲ್ ಹಾಕಿದ್ದು.