ತಾನಾಗೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್: ಮಾಡಿ ನೋಡಿದ ಪರೀಕ್ಷೆಗಳಲ್ಲಿ ಯಾವುದು ಕೆಲಸಕ್ಕೆ ಬಂತು?

ಈ ಸಲ ಮಳೆ ಶುರುವಾದ ಹೊತ್ತಿಗೇ ನಮ್ಮ ಮನೆಯ ಡೆಸ್ಕ್‌ಟಾಪ್ ದಿನಕ್ಕೆ ಎರಡು ಮೂರು ಸಲ ತಾನಾಗೇ ರೀಸ್ಟಾರ್ಟ್ ಆಗತೊಡಗಿತು. ಮಗಳು ಎರಡು ಗಂಟೆ ಕೂತು ಬರೆದ ಪ್ರಾಜೆಕ್ಟ್ ಒಮ್ಮೆ ಪೂರ್ತಿ ಹೋಯಿತು. ಅವಳ ಮುಖ ನೋಡಲಾಗಲಿಲ್ಲ. ಅಂಗಡಿಯವರಿಗೆ ಫೋನ್ ಮಾಡಿದರೆ, "ಫಾರ್ಮ್ಯಾಟ್ ಹೊಡೆದರೆ ಸರಿ ಹೋಗುತ್ತೆ ಸರ್, ತಂದುಬಿಡಿ" ಎಂದರು. ಕಾರಣವೇ ಗೊತ್ತಿಲ್ಲದೆ ಫಾರ್ಮ್ಯಾಟ್ ಯಾಕೆ ಅನ್ನಿಸಿತು. ಮೊದಲು ಫೋಟೊ, ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿಕೊಂಡೆ. ಆಮೇಲೆ ಎರಡು ವಾರ ಸಂಜೆ ಹೊತ್ತು ಕೂತು ಒಂದೊಂದೇ ಪರೀಕ್ಷೆ ಮಾಡಿದೆ. ಯಾವುದಕ್ಕೂ ದುಡ್ಡು ಕೊಡಬೇಕಾಗಲಿಲ್ಲ.

ಯಾವ ಪರೀಕ್ಷೆಗೂ ಮೊದಲು ಒಂದು ಟಿಕ್ ತೆಗೆಯಬೇಕು. ದೊಡ್ಡ ತಪ್ಪು ಕಂಡಾಗ ವಿಂಡೋಸ್ ಕೆಲಸ ನಿಲ್ಲಿಸಿ ತೋರಿಸುವ ನೀಲಿ ಪರದೆ ಬಂದ ಕೂಡಲೇ ವಿಂಡೋಸ್ ತಾನೇ ರೀಸ್ಟಾರ್ಟ್ ಮಾಡಿಬಿಡುತ್ತದೆ, ಓದಲು ಬಿಡುವುದಿಲ್ಲ. ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎನ್ನುವ ಟಿಕ್ ತೆಗೆಯಿರಿ. ಇದನ್ನು ಮಾಡಿದ ಮಾರನೇ ದಿನವೇ ನನಗೆ ಒಂದು ವಿಷಯ ತಿಳಿಯಿತು. ಕೆಲವು ಸಲ ನೀಲಿ ಪರದೆ ಬಂದು ನಿಲ್ಲುತ್ತಿತ್ತು. ಇನ್ನು ಕೆಲವು ಸಲ ಪರದೆ ಕಪ್ಪಾಗಿ, ಸೀದಾ ಕಂಪನಿ ಲೋಗೊ ಬರುತ್ತಿತ್ತು. ಅಂದರೆ ರೋಗ ಎರಡಿರಬಹುದು.

ಇದನ್ನು ಖಚಿತ ಮಾಡಿಕೊಳ್ಳಲು ವಿಂಡೋಸ್‌ನಲ್ಲೇ ಇರುವ ಎರಡು ಸಾಧನ ನೋಡಿದೆ: ಈವೆಂಟ್ ವ್ಯೂವರ್ ಮತ್ತು ರಿಲಯಬಿಲಿಟಿ ಮಾನಿಟರ್. ಈವೆಂಟ್ ವ್ಯೂವರ್ ತೆರೆದರೆ ಹಳದಿ, ಕೆಂಪು ಗುರುತುಗಳ ರಾಶಿ. ಹೊಸಬರಿಗೆ ಹೆದರಿಕೆ ಆಗುತ್ತದೆ. ಅದರಲ್ಲಿ ಬಹುಪಾಲು ಸುಮ್ನೆ ಬಿಟ್ಟುಬಿಡಬಹುದು. ಹುಡುಕಬೇಕಾದ್ದು 'ಕರ್ನಲ್-ಪವರ್ 41'. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ ಅದರ ಅರ್ಥ. ಇದನ್ನು ನೋಡಿ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಹೋಗಿದೆ ಎಂದು ಹೊಸದು ತರುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅದರ ಡೀಟೇಲ್ಸ್ ಒಳಗೆ 'ಬಗ್‌ಚೆಕ್‌ಕೋಡ್' ಎನ್ನುವ ಸಾಲು ನೋಡಿ. ಸೊನ್ನೆ ಇದ್ದರೆ ನೀಲಿ ಪರದೆಯ ದಾಖಲೆ ಇಲ್ಲ, ಕರೆಂಟ್ ಕಡೆ ಅನುಮಾನ ಪಡಬಹುದು. ಬೇರೆ ಅಂಕಿ ಇದ್ದರೆ ವಿಂಡೋಸೇ ಏನೋ ತಪ್ಪು ಕಂಡು ನಿಂತಿದೆ.

ರಿಲಯಬಿಲಿಟಿ ಮಾನಿಟರ್‌ನಲ್ಲಿ ಇಷ್ಟು ವಿವರ ಸಿಗುವುದಿಲ್ಲ. ಆದರೆ ದಿನ ದಿನದ ಲೆಕ್ಕವನ್ನು ಕ್ಯಾಲೆಂಡರಿನ ಹಾಗೆ ಮುಂದಿಡುತ್ತದೆ. ಮನೆಮಂದಿಗೆ ತೋರಿಸಲು ಇದೇ ಒಳ್ಳೆಯದು. ನನ್ನ ಹೆಂಡತಿ ಅದನ್ನು ನೋಡಿ, "ಈ ದಿನಗಳೆಲ್ಲ ಗಾಳಿ ಮಳೆ ಜೋರಿದ್ದವು, ಅಲ್ವಾ?" ಎಂದಳು. ಕಪ್ಪು ಪರದೆಯ ರೋಗ ಸಿಕ್ಕಿದ್ದೇ ಆ ಮಾತಿನಿಂದ.

ನಮ್ಮ ಮನೆಯ ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ನಮ್ಮದು ನಾರ್ಮಲ್‌ನಲ್ಲಿತ್ತು. ಆಗ ಕರೆಂಟ್ ಹೋದರೆ ಬ್ಯಾಟರಿಗೆ ಬದಲಾಗಲು ಹೊತ್ತು ಜಾಸ್ತಿ ಬೇಕು. ಫ್ಯಾನು, ಲೈಟಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಕಂಪ್ಯೂಟರಿನ ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲಿ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಸ್ವಿಚ್ಚನ್ನು ಯುಪಿಎಸ್ ಕಡೆ ಹಾಕಿದೆ. ಕಪ್ಪು ಪರದೆ ಅಲ್ಲಿಗೆ ನಿಂತಿತು.

ಉಳಿದದ್ದು ನೀಲಿ ಪರದೆ. ಬ್ಲೂಸ್ಕ್ರೀನ್‌ವ್ಯೂ ಎನ್ನುವ ಚಿಕ್ಕ ಪ್ರೋಗ್ರಾಮ್ ಹಳೆಯ ಕ್ರ್ಯಾಶ್‌ಗಳ ಪಟ್ಟಿ ಕೊಟ್ಟಿತು. ಒಂದು ದಿನ 'ಮೆಮೊರಿ ಮ್ಯಾನೇಜ್‌ಮೆಂಟ್', ಇನ್ನೊಂದು ದಿನ ಬೇರೆ ಹೆಸರು, ಮತ್ತೊಂದು ದಿನ ಮತ್ತೊಂದು. ಒಂದೇ ಡ್ರೈವರ್ (ಯಂತ್ರದ ಭಾಗವನ್ನು ವಿಂಡೋಸ್ ಜತೆ ಕೆಲಸ ಮಾಡಿಸುವ ಪ್ರೋಗ್ರಾಮ್) ಹೆಸರು ಪದೇ ಪದೇ ಬಂದರೆ ಆ ಡ್ರೈವರ್ ನೋಡಬೇಕು. ಹೀಗೆ ದಿನಕ್ಕೊಂದು ಹೆಸರು ಬಂದರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಮೇಲೆ ಅನುಮಾನ ಪಡುವುದು ವಾಸಿ. ಬಿಸಿಯನ್ನೂ ನೋಡಿದೆ, ಪ್ರೊಸೆಸರ್ 70 ಡಿಗ್ರಿ ದಾಟುತ್ತಿರಲಿಲ್ಲ. ಅದನ್ನು ಬಿಟ್ಟೆ. ರ‍್ಯಾಮ್ ಕಳಚಿ ಅದರ ಕಾಲುಗಳನ್ನು ರಬ್ಬರಿನಿಂದ ಉಜ್ಜಿಯೂ ನೋಡಿದೆ. ಎರಡು ದಿನ ಸುಮ್ಮನಿದ್ದು ಮತ್ತೆ ಅದೇ ಕಥೆ.

ರ‍್ಯಾಮ್ ಪರೀಕ್ಷೆಗೂ ಎರಡು ದಾರಿ. ವಿಂಡೋಸ್ ಜತೆ ಬರುವ ಮೆಮೊರಿ ಡಯಾಗ್ನಾಸ್ಟಿಕ್ ಸುಲಭ. ಪೆನ್‌ಡ್ರೈವ್ ಬೇಡ, ಹೆಸರು ಹುಡುಕಿ ಒತ್ತಿದರೆ ಮುಗಿಯಿತು. ಇದ್ದ ಹಾಗೇ ಬಿಟ್ಟರೆ ಎರಡು ಸುತ್ತು ಓಡಿ ನಿಲ್ಲುತ್ತದೆ. ನನಗೆ 'ತೊಂದರೆ ಇಲ್ಲ' ಎಂದಿತು. ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿದರೆ ಇನ್ನೂ ಆಳವಾಗಿ ನೋಡುತ್ತದೆ, ನಾನು ಅದನ್ನು ಮಾಡಿರಲಿಲ್ಲ.

ಮೆಮ್‌ಟೆಸ್ಟ್86+ ಬೇರೆ ಥರ. ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಬೇಕು. ನಾವು ನಿಲ್ಲಿಸುವವರೆಗೂ ಓಡುತ್ತಲೇ ಇರುತ್ತದೆ. ನಮ್ಮ 16 ಜಿಬಿಗೆ ಒಂದು ಸುತ್ತಿಗೆ ಒಂದೂವರೆ ಗಂಟೆ ಹಿಡಿಯಿತು. ರಾತ್ರಿ ಹತ್ತಕ್ಕೆ ಹಚ್ಚಿ ಮಲಗಿದೆ. ಮೊದಲ ಎರಡು ಸುತ್ತು ಪೂರ್ತಿ ಸ್ವಚ್ಛ. ಬೆಳಿಗ್ಗೆ ಎದ್ದು ನೋಡಿದರೆ ಮೂರನೇ ಸುತ್ತಿನಲ್ಲಿ ಕೆಂಪು ಸಾಲುಗಳು. ಒಟ್ಟು ಹನ್ನೊಂದು ತಪ್ಪು. ರ‍್ಯಾಮ್ ಪರೀಕ್ಷೆಯಲ್ಲಿ ಒಂದು ತಪ್ಪು ಬಂದರೂ ಬಿಡುವ ಹಾಗಿಲ್ಲ. ಇಡೀ ರಾತ್ರಿ ಓಡಿಸಲು ಆಗುವವರಿಗೆ ನಾನು ಹೇಳುವುದು ಈ ಮೆಮ್‌ಟೆಸ್ಟ್86+ ಅನ್ನೇ.

ಎಂಟೆಂಟು ಜಿಬಿಯ ಎರಡು ಕಡ್ಡಿಗಳಿದ್ದವು. ಒಂದೊಂದನ್ನೇ ಅದೇ ಸ್ಲಾಟಿನಲ್ಲಿ ಹಾಕಿ ಒಂದೊಂದು ರಾತ್ರಿ ಓಡಿಸಿದೆ. ಸ್ಲಾಟ್ ಬದಲಾಯಿಸಿದರೆ ತಪ್ಪು ಕಡ್ಡಿಯದೋ ಸ್ಲಾಟಿನದೋ ಗೊತ್ತಾಗುವುದಿಲ್ಲ. ಎರಡನೇ ಕಡ್ಡಿ ಕೈಕೊಟ್ಟಿತು. ವಾರಂಟಿ ಇತ್ತು, ಮೂರು ವಾರದಲ್ಲಿ ಬದಲಿ ಬಂತು. ಹೊಸದೆಂದು ನಂಬದೆ ಅದನ್ನೂ ಒಂದು ರಾತ್ರಿ ಓಡಿಸಿಯೇ ಹಾಕಿದೆ.

ಆಮೇಲೆ ಈವೆಂಟ್ ವ್ಯೂವರ್‌ನಲ್ಲಿ 41 ಕಾಣಿಸಿದ್ದು ಒಂದೇ ಸಲ. ಅವತ್ತು ಸಂಜೆಯಿಂದ ಕರೆಂಟ್ ಇರಲಿಲ್ಲ, ಇನ್ವರ್ಟರ್ ಬ್ಯಾಟರಿಯೂ ಖಾಲಿಯಾಗಿತ್ತು.