ಕಲಬುರಗಿ ಬಿಸಿಲಿಗೆ ರೆಡಿಮಿಕ್ಸ್ ಕೂಲಂಟ್ ಎಷ್ಟು ಸರಿ?

ಕೂಲಂಟ್ ಅಂದರೆ ಎಂಜಿನ್ ತಂಪಾಗಿಡುವ ದ್ರವ, ರೆಡಿಮಿಕ್ಸ್ ಅಂದರೆ ನೀರು ಬೆರೆಸಿಯೇ ಬರುವ ಕೂಲಂಟ್. ನೀರು ಬೆರೆಸುವ ಗೋಜಿಲ್ಲ ಅನ್ನುವುದೇ ಅದರ ದೊಡ್ಡ ಲಾಭ. ಶಹಾಬಾದ್, ಸೇಡಂ ಕಡೆಯದು ಸುಣ್ಣಕಲ್ಲಿನ ನೆಲ, ಬೋರ್‌ವೆಲ್ ನೀರು ಗಡಸು. ಅದನ್ನೇ ಹಾಕುತ್ತಾ ಹೋದರೆ ರೇಡಿಯೇಟರ್ ಕೊಳವೆಗಳಲ್ಲಿ ಪದರ ಕಟ್ಟಿ, ಮೇ ತಿಂಗಳಲ್ಲಿ ಏಸಿ ಹಾಕಿದಾಗ ಎಂಜಿನ್ ಕಾಯುತ್ತದೆ. 'ಇಲ್ಲೇನು ಹಿಮ ಬೀಳ್ತದಾ, ಬರೀ ನೀರು ಸಾಕು' ಅನ್ನುವವರಿಗೆ ಕೂಲಂಟ್ ತುಕ್ಕನ್ನೂ ತಡೆಯುತ್ತದೆ ಎಂಬ ನೆನಪಿರುವುದಿಲ್ಲ.

ಮಟ್ಟ ಇಳಿದಾಗ ತುಂಬಲು ರೆಡಿಮಿಕ್ಸ್ ಉತ್ತಮ. ಪೂರ್ತಿ ಬದಲಿಸಿ ತೊಳೆಯುವಾಗ ಮಾತ್ರ ಎಡವುತ್ತದೆ. ಡ್ರೇನ್ ಬಿಚ್ಚಿದರೂ ಎಂಜಿನ್ ಬ್ಲಾಕ್, ಹೀಟರ್ ಒಳಗೆ ತೊಳೆದ ನೀರು ಉಳಿಯುತ್ತದೆ. 5 ಲೀಟರ್ ಹಿಡಿಯುವ ಕಾರಿನಲ್ಲಿ 2 ಲೀಟರ್ ಉಳಿದರೆ, ಮೇಲೆ ಸುರಿದ 3 ಲೀಟರ್ 50:50 (ಅರ್ಧ ನೀರು, ಅರ್ಧ ಗ್ಲೈಕಾಲ್ ಎಂಬ ಕೂಲಂಟ್‌ನ ಮೂಲ ದ್ರವ) ರೆಡಿಮಿಕ್ಸ್ ತೆಳುವಾಗಿ ಗ್ಲೈಕಾಲ್ 30%ಕ್ಕೆ ಇಳಿಯುತ್ತದೆ. ಅಲ್ಲಿ 2.5 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲಂಟ್), ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿಸಿ.

ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು ಬರೀ ಡೈ. ಮ್ಯಾನ್ಯುಯಲ್‌ನಲ್ಲಿರುವ ಬಗೆಯೇ ಬೇಕು. ಹಳೆಯ ಮಾದರಿಯ ಕೂಲಂಟ್‌ಗೆ ಸಾಮಾನ್ಯವಾಗಿ 2 ವರ್ಷ ಬಾಳಿಕೆ, ಲಾಂಗ್ ಲೈಫ್‌ಗೆ 5 ವರ್ಷ. ಅದರೊಳಗೇ ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ.

ಗ್ಯಾರೇಜಿನವರು ಅವಸರ ಮಾಡುವುದು ಕೂಲಂಟ್ ಹರಿಯುವ ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವಲ್ಲಿ. ತಣ್ಣಗಿರುವಾಗ ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗುವವರೆಗೆ ಎಂಜಿನ್ ಓಡಿಸಬೇಕು. ಮರುದಿನ ಬೆಳಿಗ್ಗೆ ರಿಸರ್ವಾಯರ್ ಡಬ್ಬಿಯಲ್ಲಿ ಕೂಲಂಟ್ ಮಟ್ಟ ಮತ್ತೆ ನೋಡಿ. ಬಿಸಿ ಎಂಜಿನ್‌ನ ಕ್ಯಾಪ್ ಬಿಚ್ಚಲೇಬೇಡಿ. ಹಳೆಯ ಕೂಲಂಟ್ ಸಿಹಿ ವಿಷ, ನಾಯಿಗಳು ನೆಕ್ಕುತ್ತವೆ. ಮೋರಿಗೆ ಚೆಲ್ಲಲು ಬಿಡಬೇಡಿ.