ಐಸಿಡಿ-10-ಸಿಎಂ ಪುಸ್ತಕ: ಒಂಬತ್ತು ವರ್ಷ ಬಳಸಿದ ಮೇಲೆ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಹೃದ್ರೋಗ ಕ್ಲಿನಿಕ್‌ಗಳ ಚಾರ್ಟ್ ಓದಿ, ಡಾಕ್ಟರು ಬರೆದ ಕಾಯಿಲೆಗೆ ಕೋಡ್ ಹಾಕುವುದು ನನ್ನ ಕೆಲಸ. 2016ರಲ್ಲಿ ಮೊದಲ ಐಸಿಡಿ-10-ಸಿಎಂ ಪುಸ್ತಕ, ಅಂದರೆ ಅಮೆರಿಕದಲ್ಲಿ ಬಳಸುವ ಕಾಯಿಲೆ ಕೋಡ್‌ಗಳ ಪಟ್ಟಿ, ಕೊಂಡೆ. 2015ರ ಅಕ್ಟೋಬರ್ 1ಕ್ಕೆ ಅಮೆರಿಕ ಐಸಿಡಿ-9 ಬಿಟ್ಟು ಇದಕ್ಕೆ ಬಂದಿತ್ತು, ಎಲ್ಲರೂ ಹೊಸಬರೇ. ಆಗಿನ ಸಂಬಳಕ್ಕೆ ಪುಸ್ತಕದ ಬೆಲೆ ಭಾರವೇ ಆಗಿತ್ತು. ಈಗ ಕಂಪ್ಯೂಟರಿನಲ್ಲಿ ಕೋಡ್ ಹುಡುಕುವ ಸಾಫ್ಟ್‌ವೇರ್ ಇದೆ, ಕಂಪನಿಯೇ ಕೊಡುತ್ತದೆ. ಆದರೂ ಮೇಜಿನ ಮೇಲಿನ ಈ ದಪ್ಪ ಪುಸ್ತಕವನ್ನು ನಾನು ಎತ್ತಿಟ್ಟಿಲ್ಲ. ಯಾಕೆ ಅನ್ನುವುದಕ್ಕೆ ನನಗೆ ದಿನವೂ ಸಿಗುವ ಒಂದೇ ಸಂಗತಿ ಸಾಕು: ಕತ್ತಿನ ರಕ್ತನಾಳದ ಸದ್ದು.

ಡಾಕ್ಟರು ದವಡೆಯ ಮೂಲೆಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು, ಒಂದು ಕ್ಷಣ ಉಸಿರು ಹಿಡಿಯಿರಿ ಅನ್ನುತ್ತಾರೆ. ಕತ್ತಿನ ಮೂಲಕ ತಲೆಗೆ ಹೋಗುವ ಕ್ಯಾರೋಟಿಡ್ ರಕ್ತನಾಳದಲ್ಲಿ ರಕ್ತ ಸುಳಿ ಎದ್ದು ಹರಿಯುತ್ತಿದ್ದರೆ ನಾಡಿಯ ಜೊತೆಗೇ ಸುಂಯ್ ಎಂದು ಕೇಳಿಸುತ್ತದೆ. ಇದೇ ಬ್ರೂಯಿ. ನಮ್ಮ ಫ್ಲೋರಿನಲ್ಲಿ ಅರ್ಧ ಜನ ಬ್ರೂಟ್ ಅನ್ನುತ್ತಾರೆ. ನಾಳ ಕಿರಿದಾಗಿದ್ದರೆ ಈ ಸದ್ದು ಬರಬಹುದು. ಆದರೆ ಸದ್ದು ಬಂದವರಿಗೆಲ್ಲ ನಾಳ ಕಟ್ಟಿಕೊಂಡಿರುವುದಿಲ್ಲ, ತೀರಾ ಕಟ್ಟಿಕೊಂಡವರಲ್ಲಿ ಸದ್ದೇ ಇಲ್ಲದಿರುವುದೂ ಉಂಟು. ಹಾಗಾಗಿ ಸದ್ದಿನ ಕೋಡ್ ಬೇರೆ, ಕಾಯಿಲೆಯ ಕೋಡ್ ಬೇರೆ.

ಪುಸ್ತಕದಲ್ಲಿ ಹುಡುಕುವುದು ಹೀಗೆ. ಮೊದಲು ಅಕಾರಾದಿ ಸೂಚಿ. ಕತ್ತು ಎಂದು ಹುಡುಕಿದರೆ ದಾರಿ ತಪ್ಪುತ್ತೀರಿ. ಇಲ್ಲಿ ಮುಖ್ಯ ಪದ ಯಾವಾಗಲೂ ತೊಂದರೆಯ ಹೆಸರು, ಅಂಗದ ಹೆಸರಲ್ಲ. ಬ್ರೂಯಿ ಎಂದು ತೆಗೆದರೆ ಆರ್09.89 ಸಿಗುತ್ತದೆ. ಅದರ ಕೆಳಗೇ ಹೃದಯದ್ದಾದರೆ ಆರ್01.1 ಎಂದಿದೆ. ಅಲ್ಲಿಗೇ ಮುಗಿಸದೆ ಕೋಡ್‌ಗಳನ್ನು ಕ್ರಮವಾಗಿ ಪಟ್ಟಿ ಮಾಡಿರುವ ಟ್ಯಾಬ್ಯುಲರ್ ಭಾಗಕ್ಕೆ ಹೋಗಿ ಆರ್09.89 ನೋಡಿದರೆ, ರಕ್ತನಾಳದ ಬ್ರೂಯಿ, ಕ್ಷೀಣ ನಾಡಿ, ಶ್ವಾಸಕೋಶದ ಕರಕರ ಸದ್ದು, ಉಸಿರು ಕಟ್ಟಿದಂತಾಗುವುದು ಎಲ್ಲ ಒಂದೇ ಕೋಡಿನಡಿ ಸಾಲಾಗಿ ಕಾಣುತ್ತವೆ. ಇದು ರೋಗಲಕ್ಷಣಗಳ ಅಧ್ಯಾಯ, ಕಾಯಿಲೆಗಳದ್ದಲ್ಲ ಅನ್ನುವುದು ಪುಟ ತೆರೆದ ಕೂಡಲೇ ಕಣ್ಣಿಗೆ ಬೀಳುತ್ತದೆ. ಸಾಫ್ಟ್‌ವೇರಿನಲ್ಲಿ ಬರೀ ಒಂದು ಸಾಲು ಕಾಣುತ್ತದೆ, ಅಕ್ಕಪಕ್ಕ ಕಾಣುವುದಿಲ್ಲ.

ಅದರಿಂದ ಪೆಟ್ಟು ತಿಂದದ್ದು ನನ್ನ ಎರಡನೇ ವರ್ಷದಲ್ಲಿ. ಎಪ್ಪತ್ತು ದಾಟಿದ ಹೆಂಗಸಿನ ಚಾರ್ಟ್. ಬಲಗತ್ತಿನಲ್ಲಿ ಬ್ರೂಯಿ ಇದೆ, ಸ್ಟೆನೋಸಿಸ್ (ನಾಳ ಕಿರಿದಾಗುವುದು) ಇದೆಯೇ ನೋಡಲು ಡುಪ್ಲೆಕ್ಸ್ (ರಕ್ತನಾಳದ ಅಲ್ಟ್ರಾಸೌಂಡ್) ಮಾಡಿಸಿ ಎಂದು ಡಾಕ್ಟರು ಬರೆದಿದ್ದರು. ನಾನು ಎರಡು ಪದ ಟೈಪ್ ಮಾಡುವಷ್ಟರಲ್ಲಿ ಸಾಫ್ಟ್‌ವೇರ್ ಪಟ್ಟಿಯ ತುದಿಯಲ್ಲಿ ಐ65.21 ತೋರಿಸಿತು, ಅಂದರೆ ಬಲ ಕ್ಯಾರೋಟಿಡ್‌ನ ಸ್ಟೆನೋಸಿಸ್. ಬಲಗಡೆ ಅಂತಲೂ ಇದೆಯಲ್ಲ ಎಂದು ಒತ್ತಿಬಿಟ್ಟೆ. ನಮ್ಮ ಕೆಲಸ ಪರಿಶೀಲಿಸುವ ಕ್ಯೂಎ ತಂಡದಿಂದ ವಾಪಸ್ ಬಂತು. ನಮ್ಮ ಸೀನಿಯರ್ ಮೇಡಂ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಸ್ಟೆನೋಸಿಸ್ ಇದೆ ಅಂತ ಡಾಕ್ಟ್ರು ಎಲ್ಲಿ ಬರ್ದಿದಾರೆ ತೋರ್ಸಮ್ಮ. ಇದೆಯಾ ನೋಡಿ ಅಂದಿದಾರೆ, ಅಷ್ಟೆ. ಬುಕ್ ತೆಗಿ" ಅಂದರು. ಗೈಡ್‌ಲೈನ್ ಪುಟದ ಮೇಲೆ ಅವರ ಬೆರಳು ಓಡಿದ್ದು ನನಗೆ ಇನ್ನೂ ನೆನಪಿದೆ: ಹೊರರೋಗಿಯ ವಿಷಯದಲ್ಲಿ ಸಂಶಯವಿದೆ, ಇರಬಹುದು, ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು ಎಂದು ಬರೆದದ್ದನ್ನು ಕಾಯಿಲೆ ಎಂದು ಕೋಡ್ ಮಾಡಬಾರದು, ಆ ದಿನ ಗೊತ್ತಿದ್ದ ಲಕ್ಷಣವನ್ನೇ ಹಾಕಬೇಕು. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು ಡಿಸ್ಚಾರ್ಜ್ ಆಗುವವರಿಗೆ ನಿಯಮ ಬೇರೆ, ಎರಡನ್ನೂ ಬೆರೆಸಬೇಡಿ.

ಕೆಲವು ವಾರದ ಮೇಲೆ ಅದೇ ಹೆಂಗಸಿನ ಡುಪ್ಲೆಕ್ಸ್ ರಿಪೋರ್ಟ್ ನನ್ನ ಕೈಗೇ ಬಂತು. ನಾಳದಲ್ಲಿ ಹೇಳಿಕೊಳ್ಳುವಂಥ ತಡೆಯೇನೂ ಇರಲಿಲ್ಲ. ಹೃದಯದ ಅಯೋರ್ಟಿಕ್ ಕವಾಟದ ಸದ್ದು ಕತ್ತಿನವರೆಗೆ ಹರಿದು ಕೇಳಿಸಿತ್ತು. ನನ್ನ ಕೋಡ್ ಹಾಗೆಯೇ ಹೋಗಿದ್ದರೆ ಇಲ್ಲದ ಕಾಯಿಲೆಯೊಂದು ಆ ತಾಯಿಯ ವಿಮಾ ದಾಖಲೆಯಲ್ಲಿ ಕೂತುಬಿಡುತ್ತಿತ್ತು. ನನಗೆ ಅಂದು ನಿದ್ದೆ ಬರಲಿಲ್ಲ.

ಡುಪ್ಲೆಕ್ಸ್‌ನಲ್ಲಿ ಸ್ಟೆನೋಸಿಸ್ ನಿಜವಾಗಿಯೂ ಕಂಡು, ಡಾಕ್ಟರು ಅದನ್ನೇ ರೋಗನಿರ್ಣಯವೆಂದು ಬರೆದರೆ ಆಗ ಐ65.2ರ ಗುಂಪು, ಕೊನೆಯ ಅಂಕಿ ಬಲಕ್ಕೆ 1, ಎಡಕ್ಕೆ 2, ಎರಡೂ ಕಡೆಗೆ 3, ಕಡೆ ಬರೆದಿಲ್ಲವಾದರೆ 9. ಆಮೇಲೆ ಜೊತೆಗೆ ಆರ್09.89 ಬೇಡ, ಸದ್ದು ಆ ಕಾಯಿಲೆಯದೇ ಭಾಗ. ಇಷ್ಟನ್ನು ಪುಸ್ತಕ ಚೊಕ್ಕವಾಗಿ ಕಲಿಸುತ್ತದೆ.

ಕಲಿಸದ್ದೂ ಇದೆ. ಎರಡೂ ಕಡೆಯ ಡುಪ್ಲೆಕ್ಸ್‌ಗೆ ಹಾಕುವ 93880 ಬೇರೆ ಪುಸ್ತಕದ್ದು, ಪರೀಕ್ಷೆ ಮತ್ತು ಚಿಕಿತ್ಸೆಗಳ ಕೋಡ್ ಇರುವ ಸಿಪಿಟಿಯದು. ಯಾವ ವಿಮೆ ಯಾವ ಕೋಡಿಗೆ ಹಣ ಕೊಡುತ್ತದೆ ಅನ್ನುವುದು ಎರಡರಲ್ಲೂ ಇಲ್ಲ, ಅದಕ್ಕೆ ಆಯಾ ವಿಮೆಯ ಕವರೇಜ್ ನಿಯಮವನ್ನೇ ತೆರೆಯಬೇಕು. ಇನ್ನೊಂದು ಕೊರಗು ಕೋಡಿನದೇ. ಆರ್09.89ರಲ್ಲಿ ಎಡ ಬಲ ಇಲ್ಲ, ಕತ್ತು ಅನ್ನುವುದೂ ಇಲ್ಲ. ಶ್ವಾಸಕೋಶದ ಸದ್ದಿಗೂ ಕತ್ತಿನ ಸದ್ದಿಗೂ ವಿಮಾ ಕ್ಲೇಮ್ ಮೇಲೆ ಒಂದೇ ಅಂಕಿ. ಹಾಗಾಗಿ ಯಾವ ಕಡೆ, ಎಷ್ಟು ಜೋರು, ತಲೆಸುತ್ತು ಅಥವಾ ಒಂದು ಕಣ್ಣು ಮಸುಕಾದದ್ದು ಇದೆಯೇ, ಹಿಂದೆ ಸ್ಟ್ರೋಕ್ ಆಗಿತ್ತೇ, ಡುಪ್ಲೆಕ್ಸ್ ಯಾಕೆ ಬೇಕು ಎಂಬುದನ್ನೆಲ್ಲ ಡಾಕ್ಟರ ನೋಟೇ ಹೇಳಬೇಕು. "ಕತ್ತು: ಬ್ರೂಯಿ +" ಎಂದಷ್ಟೇ ಬಂದರೆ ನಾನು ಡಾಕ್ಟರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಕಳಿಸುತ್ತೇನೆ. ಕ್ವೆರಿಯಲ್ಲಿ ಉತ್ತರ ಬಾಯಿಗಿಡುವಂತೆ ಕೇಳಬಾರದು. ಸ್ಟೆನೋಸಿಸ್ ತಾನೇ ಎಂದಲ್ಲ, ಕೇಳಿಸಿದ್ದು ಯಾವ ಕಡೆ, ಮುಂದೇನು ತೀರ್ಮಾನಿಸಿದ್ದೀರಿ ಎಂದು.

ವಸ್ತುವಿನ ಬಗ್ಗೆ ಒಂದೆರಡು ಮಾತು. ಸ್ಪೈರಲ್ ಬೈಂಡಿಂಗಿನದೇ ಕೊಳ್ಳಿ, ಮೇಜಿನ ಮೇಲೆ ಅಂಗಾತ ಬಿದ್ದಿರುತ್ತದೆ. ಹಾಳೆ ತೆಳು, ಹೈಲೈಟರ್ ಹಿಂದಿನ ಪುಟಕ್ಕೆ ಇಳಿಯುತ್ತದೆ, ಬಣ್ಣದ ಪೆನ್ಸಿಲ್ ವಾಸಿ. ಕೋಡಿಂಗ್ ಕೆಲಸದ ಸರ್ಟಿಫಿಕೇಟ್ ಕೊಡುವ ಸಿಪಿಸಿ ಪರೀಕ್ಷೆಗೆ ಕಟ್ಟುವವರು ಮೊದಲ ದಿನದಿಂದ ಇದರಲ್ಲೇ ಹುಡುಕಿ. ಅದು ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವ ಪರೀಕ್ಷೆ, ಈಗ 4 ಗಂಟೆಗೆ 100 ಪ್ರಶ್ನೆ, ಪಾಸಾಗಲು 70 ಪ್ರತಿಶತ. ಬೆರಳಿಗೆ ದಾರಿ ಗೊತ್ತಿದ್ದವರು ಮಾತ್ರ ಸಮಯಕ್ಕೆ ಮುಗಿಸುತ್ತಾರೆ. ಪ್ರತಿ ಅಕ್ಟೋಬರ್ 1ಕ್ಕೆ ಹೊಸ ಕೋಡ್‌ಗಳು ಜಾರಿಗೆ ಬರುವುದರಿಂದ ವರ್ಷವರ್ಷ ಕೊಳ್ಳಬೇಕು, ಕೈ ಕಚ್ಚುತ್ತದೆ. ಕೊಳ್ಳಲಾಗದ ವರ್ಷ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಉಚಿತವಾಗಿ ಕೊಡುವ ಫೈಲ್‌ಗಳಲ್ಲಿ ಪೂರ್ತಿ ಪಟ್ಟಿಯೂ ಗೈಡ್‌ಲೈನೂ ಸಿಗುತ್ತವೆ.

ಹೊಸದು ಬಂತೆಂದು ಹಳೆಯದನ್ನು ಕೂಡಲೇ ರದ್ದಿಗೆ ಹಾಕಬೇಡಿ. ಕೋಡ್ ನೋಡಬೇಕಾದದ್ದು ರೋಗಿ ಬಂದ ದಿನಾಂಕಕ್ಕೆ. ಸೆಪ್ಟೆಂಬರ್ ಕೊನೆಯ ಚಾರ್ಟ್‌ಗಳು ನನಗೆ ನವೆಂಬರಿನಲ್ಲೂ ಬರುತ್ತವೆ, ಆಗ ತೆರೆಯುವುದು ಹಿಂದಿನ ವರ್ಷದ ಪುಸ್ತಕವನ್ನೇ.